ಪುಕ್ಕಟೆ ಕೆಟಲ್‌ನಲ್ಲಿ ಹಾಲಿನ ಬಟವಾಡೆ: ನನ್ನ ಅನುಭವ

ಪೆಂಟಾಹೊ ಕೆಟಲ್ ಅಂದರೆ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ಟೂಲ್. ಅದರ ಪುಕ್ಕಟೆ ಆವೃತ್ತಿಯಲ್ಲಿ ಓಆಥ್ (ತಾತ್ಕಾಲಿಕ ಟೋಕನ್ ತೋರಿಸಿ ಒಳಗೆ ಹೋಗುವ ಪದ್ಧತಿ) ಎಲ್ಲ ಆಗಲ್ಲ, ಸುಮ್ನೆ ಟೈಮ್ ಹಾಳು ಎಂದು ಬೆಂಗಳೂರಿನ ಗೆಳೆಯರು ಹೇಳಿದ್ದರು. ಆಗಿದೆ. ಮಂಡ್ಯ ಕಡೆಯ ಒಂದು ಖಾಸಗಿ ಹಾಲಿನ ಕಂಪನಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷದಿಂದ ಓಡುತ್ತಿದೆ. ಎರಡು ಹೊತ್ತಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನ ಉಳಿದ ಘನಾಂಶ) ಲೆಕ್ಕ ಸಂಗ್ರಹ ಕೇಂದ್ರಗಳ ಸಾಫ್ಟ್‌ವೇರ್‌ನಿಂದ ಬಂದು ಅಕೌಂಟ್ಸ್‌ಗೆ ಸೇರುತ್ತದೆ. ಅದನ್ನು ನೋಡಿಕೊಂಡೇ ಹದಿನೈದು ದಿನಕ್ಕೊಮ್ಮೆ ರೈತರಿಗೆ ದುಡ್ಡಿನ ಬಟವಾಡೆ.

ನನಗಿಂತ ಮುಂಚೆ ಬಂದವರು ದುಡ್ಡಿನ ಟೂಲ್‌ಗೆ ವರ್ಷಕ್ಕೆ ಏಳೆಂಟು ಲಕ್ಷ ಹೇಳಿದ್ದರಂತೆ. ನಾನು ಎಲ್ಲಾ ಸೇರಿ ಒಂದೂಕಾಲು ಲಕ್ಷದ ಆಸುಪಾಸು ಹೇಳಿದೆ. ಅಕೌಂಟ್ಸ್ ಮ್ಯಾನೇಜರ್‌ಗೆ ಖುಷಿಗಿಂತ ಅನುಮಾನ ಜಾಸ್ತಿ ಆಯಿತು. "ಅಲ್ಲ ಸಾ, ಪುಕ್ಕಟೆ ಸಾಫ್ಟ್‌ವೇರ್ ನಂಬ್ಕಂಡು ರೈತರ ದುಡ್ಡು ಕೊಡಕ್ಕಾಯ್ತದಾ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು.

ಸಂಗ್ರಹ ಕೇಂದ್ರದ ಕಡೆಯದು ಹಳೇ ಸೋಪ್ ಸರ್ವಿಸ್, ಅಂದರೆ ಎಕ್ಸ್‌ಎಂಎಲ್ ಸಂದೇಶ ಕಳಿಸಿ ಡೇಟಾ ಕೇಳುವ ಪದ್ಧತಿ. ಲಾಗಿನ್‌ಗೆ ಡಬ್ಲ್ಯೂಎಸ್-ಸೆಕ್ಯುರಿಟಿ, ಅದರಲ್ಲೂ ಪಾಸ್‌ವರ್ಡ್ ಡೈಜೆಸ್ಟ್: ಪಾಸ್‌ವರ್ಡ್ ಹಾಗೇ ಕಳಿಸದೆ ಅದರಿಂದ ಲೆಕ್ಕ ಹಾಕಿದ ಗುರುತು ಕಳಿಸುವುದು. ಕೆಟಲ್‌ನ ವೆಬ್ ಸರ್ವಿಸಸ್ ಲುಕಪ್ ಸ್ಟೆಪ್ (ಕೆಲಸದ ಒಂದು ಹಂತ) ಬೇಸಿಕ್ ಲಾಗಿನ್‌ಗೆ ಸಾಕು, ಇದಕ್ಕೆ ಸಾಲದು. ಹಾಗಾಗಿ ಇಡೀ ಎನ್ವಲಪ್ (ಸೋಪ್ ಸಂದೇಶ) ನಾವೇ ಕಟ್ಟಿ ಎಚ್‌ಟಿಟಿಪಿ ಪೋಸ್ಟ್ ಸ್ಟೆಪ್‌ಗೆ ಕೊಡಬೇಕು. ನಾನ್ಸ್ (ಪ್ರತಿ ಸಲ ಹೊಸದಾಗಿ ಹುಟ್ಟಿಸುವ ಬೈಟ್‌ಗಳು), ಕ್ರಿಯೇಟೆಡ್ ಸಮಯ (ಸಂದೇಶ ತಯಾರಾದ ಹೊತ್ತು), ಪಾಸ್‌ವರ್ಡ್ ಮೂರನ್ನೂ ಜೋಡಿಸಿ ಶಾ-1 ಹ್ಯಾಶ್, ಆಮೇಲೆ ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಪದ್ಧತಿ). ಜಾವಾಸ್ಕ್ರಿಪ್ಟ್ ಸ್ಟೆಪ್‌ನಲ್ಲೇ ಆಗುತ್ತದೆ. ಸರ್ವರ್ ಮಾತ್ರ ಪ್ರತಿ ಸಲವೂ ಲಾಗಿನ್ ತಪ್ಪು ಎನ್ನುತ್ತಿತ್ತು. ಆ ಸಾಫ್ಟ್‌ವೇರ್‌ನವರು ಕೊಟ್ಟ ಡಾಕ್ಯುಮೆಂಟ್‌ನಲ್ಲಿ ಬೇಸ್64 ಆದ ನಾನ್ಸ್ ಅನ್ನೇ ಡೈಜೆಸ್ಟ್‌ಗೆ ಸೇರಿಸಿ ಎಂದಿತ್ತು. ಬೇಕಾದದ್ದು ಅದರ ಮೂಲ ಬೈಟ್‌ಗಳು. ಅವರ ಸಪೋರ್ಟ್‌ಗೆ ಫೋನ್ ಮಾಡಿದರೆ ಅದೇ ಡಾಕ್ಯುಮೆಂಟ್ ಮತ್ತೆ ಮೇಲ್ ಮಾಡಿದರು!

ಅದು ಸರಿಹೋದ ಮೇಲೆ ಸಮಯದ ಕಾಟ. ಕ್ರಿಯೇಟೆಡ್ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರಬೇಕು, ಅದರ ಗುರುತಿಗೆ ಕೊನೆಗೆ ಝಡ್. ಅವರ ಸ್ಯಾಂಪಲ್ ಕೋಡ್ ನಮ್ಮ ಸಮಯಕ್ಕೇ ಝಡ್ ಅಂಟಿಸುತ್ತಿತ್ತು, ಅಂದರೆ ಐದೂವರೆ ಗಂಟೆ ಮುಂದೆ. ಅದನ್ನೂ ಸರಿಪಡಿಸಿದೆ. ಮೈಸೂರಿನ ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿತು. ಹಾಲಿನ ಕಂಪನಿಯ ಕಂಪ್ಯೂಟರ್‌ನಲ್ಲಿ ಒಂದು ದಿನ ಓಡುತ್ತೆ, ಒಂದು ದಿನ ಇಲ್ಲ. ಸರ್ವರ್ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಒಪ್ಪಲ್ಲ. ಈ ಕಂಪ್ಯೂಟರ್ ಕರೆಂಟ್ ಹೋಗಿ ಬಂದಾಗಲೆಲ್ಲ ಹಳೇ ಸಮಯಕ್ಕೆ ಹೋಗುತ್ತಿತ್ತು. ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತಿತ್ತು. ಮೂವತ್ತೋ ನಲವತ್ತೋ ರೂಪಾಯಿ. ಸೆಲ್ ಹಾಕಿ, ಜಾಬ್ ಶುರುವಾಗುವ ಮುಂಚೆ ಸಮಯ ಸಿಂಕ್ ಆಗುವ ಹಾಗೆ ಮಾಡಿದ ಮೇಲೆ ಆ ಎರರ್ ಮತ್ತೆ ಬಂದಿಲ್ಲ. ಏಳೆಂಟು ಲಕ್ಷದ ಟೂಲ್ ತಂದಿದ್ದರೂ ಇದೇ ಆಗುತ್ತಿತ್ತು, ಅಲ್ವಾ?

ಅಕೌಂಟ್ಸ್ ಕಡೆ ರೆಸ್ಟ್ (ವೆಬ್ ವಿಳಾಸಗಳ ಮೂಲಕ ಡೇಟಾ ಕಳಿಸುವ ಪದ್ಧತಿ), ಓಆಥ್ 2.0, ಅದರಲ್ಲೂ ಕ್ಲೈಂಟ್ ಕ್ರೆಡೆನ್ಷಿಯಲ್ಸ್: ನಮ್ಮ ಪ್ರೋಗ್ರಾಂ ತನ್ನದೇ ಐಡಿ, ಸೀಕ್ರೆಟ್ ಕೊಟ್ಟು ಟೋಕನ್ ಪಡೆಯುತ್ತದೆ. ಟೋಕನ್ ಆಯಸ್ಸು 3600 ಸೆಕೆಂಡ್. ಎಲ್ಲರೂ ಇಲ್ಲಿ ಮುಗ್ಗರಿಸುವುದು ಒಂದೇ ಕಡೆ: ಟೋಕನ್ ತರುವುದು, ಡೇಟಾ ಕಳಿಸುವುದು ಎರಡನ್ನೂ ಒಂದೇ ಟ್ರಾನ್ಸ್‌ಫಾರ್ಮೇಶನ್‌ನಲ್ಲಿ (ಸ್ಟೆಪ್‌ಗಳ ಒಂದು ಗುಂಪು) ಇಡುತ್ತಾರೆ. ಕೆಟಲ್‌ನಲ್ಲಿ ಸ್ಟೆಪ್‌ಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ಅಲ್ಲಿ ಸೆಟ್ ಮಾಡಿದ ವೇರಿಯಬಲ್ ಅಲ್ಲೇ ಸಿಗುವುದಿಲ್ಲ. ಕೆಲವರು ಇದಕ್ಕೆ ಹೆದರಿ ಪ್ರತಿ ಸಾಲಿಗೂ ಹೊಸ ಟೋಕನ್ ಕೇಳುತ್ತಾರೆ. ಸ್ವಲ್ಪ ಹೊತ್ತಿಗೆ 429 (ತುಂಬಾ ಸಲ ಕೇಳಿದಿರಿ ಎಂಬ ಎರರ್) ಬಂದು ಬಾಗಿಲು ಮುಚ್ಚುತ್ತದೆ. ನಾನು ಟೋಕನ್‌ಗೆ ಬೇರೆ ಟ್ರಾನ್ಸ್‌ಫಾರ್ಮೇಶನ್ ಇಟ್ಟೆ, ಡೇಟಾಗೆ ಬೇರೆ, ಎರಡನ್ನೂ ಒಂದು ಜಾಬ್‌ನಲ್ಲಿ ಸಾಲಾಗಿ ಕಟ್ಟಿದೆ. ರೆಸ್ಟ್ ಕ್ಲೈಂಟ್ ಸ್ಟೆಪ್ ಕೊಡುವ ಸ್ಟೇಟಸ್ ಕೋಡ್ 401 (ಟೋಕನ್ ಒಪ್ಪಲ್ಲ) ಆದರೆ ಆ ಸಾಲುಗಳು ಪಕ್ಕಕ್ಕೆ. ಟೋಕನ್ ಮತ್ತೆ ಒಂದೇ ಸಲ ತಂದು ಅವನ್ನಷ್ಟೇ ಕಳಿಸುತ್ತದೆ. 403 (ಅನುಮತಿ ಇಲ್ಲ) ಬಂದರೆ ಮತ್ತೆ ಕಳಿಸಿ ಉಪಯೋಗ ಇಲ್ಲ, ನನಗೆ ಮೇಲ್ ಬರುತ್ತದೆ. ಎರಡು ಜಾಬ್ ಒಟ್ಟಿಗೇ ಟೋಕನ್‌ಗೆ ನುಗ್ಗದ ಹಾಗೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ.

ಟೋಕನ್ ಕೇಳಲು ಅಕೌಂಟ್ಸ್ ಸಾಫ್ಟ್‌ವೇರ್‌ನವರು ಕೊಟ್ಟ ಸೀಕ್ರೆಟ್‌ನಲ್ಲಿ ಒಂದು ಪ್ಲಸ್ ಚಿಹ್ನೆ ಇತ್ತು. ಫಾರ್ಮ್ ಬಾಡಿಯಲ್ಲಿ ಹಾಗೇ ಹೋದರೆ ಸರ್ವರ್‌ಗೆ ಅದು ಖಾಲಿ ಜಾಗ. %2B ಮಾಡಿ ಕಳಿಸಿ.

ಸರ್ಟಿಫಿಕೇಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಬ್ರೌಸರ್‌ನಲ್ಲಿ ತೆರೆಯುವ ವಿಳಾಸಕ್ಕೆ ಜಾವಾ (ಕೆಟಲ್ ಓಡುವುದು ಅದರ ಮೇಲೆ) ಪಿಕೆಐಎಕ್ಸ್, ಅಂದರೆ ಈ ಸರ್ಟಿಫಿಕೇಟ್ ನಂಬಲಾರೆ ಎಂದು ಕೂಗಿದರೆ, ಬಹಳ ಸಲ ಸರ್ವರ್ ತನ್ನ ಮಧ್ಯದ ಸರ್ಟಿಫಿಕೇಟ್ ಕಳಿಸುತ್ತಿರುವುದಿಲ್ಲ. ಅದನ್ನು ಜಾವಾದ ಸಿಎಸರ್ಟ್ಸ್‌ಗೇ (ನಂಬುವ ಸರ್ಟಿಫಿಕೇಟ್‌ಗಳ ಫೈಲ್, cacerts) ಸೇರಿಸಿದರೆ ಮುಂದೆ ಹೊಸ ಜಾವಾ ಹಾಕಿದ ದಿನ ಮತ್ತೆ ಅಳು. ಅದರ ಒಂದು ನಕಲು ಬೇರೆ ಜಾಗದಲ್ಲಿಟ್ಟು, ಅದಕ್ಕೆ ಸೇರಿಸಿ, ಆ ಫೈಲಿನ ದಾರಿಯನ್ನು PENTAHO_DI_JAVA_OPTIONS ಸೆಟ್ಟಿಂಗ್‌ನಲ್ಲಿ ಕೊಡಿ. ಪಾಸ್‌ವರ್ಡ್ ಅದೇ ‘ಚೇಂಜ್‌ಇಟ್’. ಹೆಸರೇ ಬದಲಾಯಿಸು ಅನ್ನುತ್ತೆ, ಯಾರೂ ಬದಲಾಯಿಸಲ್ಲ.

ಮಧ್ಯೆ ಅಪಾಚೆ ನೈಫೈ ಎಂಬ ಇನ್ನೊಂದು ಪುಕ್ಕಟೆ ಟೂಲ್ ಕೂಡ ನೋಡಿದೆ. ಅದರಲ್ಲಿ ಓಆಥ್ ಟೋಕನ್ ತರುವ ಸರ್ವಿಸ್ ಒಳಗೇ ಇದೆ, ಆಯಸ್ಸು ಮುಗಿದರೆ ತಾನೇ ಹೊಸದು ತರುತ್ತದೆ. ಬಹಳ ಚೆಂದ. ಆದರೆ ಅವರ 4 ಜಿಬಿ ಕಂಪ್ಯೂಟರ್‌ನಲ್ಲಿ ಅದು ಏಳುವಷ್ಟರಲ್ಲಿ ನಾನು ಹೊರಗೆ ಹೋಗಿ ಟೀ ಕುಡಿದು ಬರುತ್ತಿದ್ದೆ. ಹೊಸ ಕಂಪ್ಯೂಟರ್ ಅಂದರೆ ಇನ್ನೊಂದು ಐವತ್ತು ಸಾವಿರ. ಕೇಳುವ ಧೈರ್ಯ ನನಗಿರಲಿಲ್ಲ, ಕೊಡುವ ಮನಸ್ಸು ಅವರಿಗಿರಲಿಲ್ಲ. ನೈಫೈ ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಆಟಕ್ಕೆ ಇದೆ.

ಮೊದಲ ಎರಡು ಬಟವಾಡೆ ಮ್ಯಾನೇಜರ್ ತಮ್ಮ ಎಕ್ಸೆಲ್ ಜೊತೆ ಸಾಲುಸಾಲು ತಾಳೆ ನೋಡಿದರು. ಮೂರನೆಯದಕ್ಕೆ ಎಕ್ಸೆಲ್ ತೆಗೆಯಲಿಲ್ಲ. ಈಗ ಬ್ಯಾಂಕಿನ ಪೇಮೆಂಟ್ ಎಪಿಐಗೂ (ಸಾಫ್ಟ್‌ವೇರ್‌ಗಳು ಮಾತಾಡಿಕೊಳ್ಳುವ ಬಾಗಿಲು) ನೇರ ಜೋಡಿಸಿ ಅನ್ನುತ್ತಿದ್ದಾರೆ. ಅದಕ್ಕೆ ನಮ್ಮ ಕಡೆಯಿಂದಲೂ ಸರ್ಟಿಫಿಕೇಟ್ ತೋರಿಸಬೇಕು. ಕೊಟೇಶನ್ ಕಳಿಸಿದ್ದೇನೆ, ಈ ಸಲ ಸ್ವಲ್ಪ ಜಾಸ್ತಿನೇ ಹಾಕಿದ್ದೇನೆ.