ಮನೆ ನೋಡೋಕೆ ಹೋಗ್ತಿದ್ದೀರಾ? ಮಧ್ಯಾಹ್ನ ಮೂರು ಗಂಟೆಗೆ ಹೋಗಿ

ಬೆಂಗಳೂರಲ್ಲಿ ಫ್ಲ್ಯಾಟ್ ತಗೊಳ್ಳೋರು ಖಾತಾ ಕೇಳ್ತಾರೆ, ವಾಸ್ತು ಕೇಳ್ತಾರೆ, ಕಾವೇರಿ ನೀರಾ ಬೋರ್‌ವೆಲ್ಲಾ ಅಂತ ಕೇಳ್ತಾರೆ, ಆದ್ರೆ ಈ ಮನೆಗೆ ತಿಂಗಳಿಗೆ ಕರೆಂಟ್ ಎಷ್ಟು ಹೋಗುತ್ತೆ ಅಂತ ಕೇಳೋರು ತುಂಬಾ ಕಮ್ಮಿ. ನಮ್ಮ ಅಕ್ಕ ಭಾವನೂ ಕೇಳ್ಲಿಲ್ಲ. ಡಿಸೆಂಬರ್‌ನಲ್ಲಿ ಒಂದಿನ ಬೆಳಿಗ್ಗೆ ಹೋಗಿ ನೋಡಿ, ಟಾಪ್ ಫ್ಲೋರು, ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ, ಎಷ್ಟು ಬೆಳಕು ಅಂತ ಖುಷಿಯಾಗಿ ಅಡ್ವಾನ್ಸ್ ಕೊಟ್ಟುಬಿಟ್ರು. ಏಪ್ರಿಲ್ ಬಂತು ನೋಡಿ, ರಾತ್ರಿ ಹತ್ತಾದ್ರೂ ಬೆಡ್‌ರೂಮ್ ಗೋಡೆ ಮುಟ್ಟಿದ್ರೆ ಬೆಚ್ಚಗೆ, ಮಗು ನಿದ್ದೆ ಬರದೆ ಅಳೋದು. ಎಸಿ ಹಾಕಿಸಿದ್ರು, 200 ಯೂನಿಟ್ ದಾಟ್ತು, ಆ ತಿಂಗಳು ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಿದ್ರು.

ಅದಕ್ಕೇ ಮೊದಲನೇ ಕೆಲಸ, ಮನೆನ ಮಧ್ಯಾಹ್ನ ಮೂರರ ಮೇಲೆ ನೋಡಿ, ಸಾಧ್ಯ ಆದ್ರೆ ಬೇಸಿಗೇಲಿ. ಲೈಟು ಫ್ಯಾನು ಎಲ್ಲ ಆಫ್ ಮಾಡಿಸಿ. ಪಶ್ಚಿಮದ ಗೋಡೆಗೆ ಒಳಗಿಂದ ಅಂಗೈ ಒತ್ತಿ ಹಿಡೀರಿ, ಕಿಟಕಿ ಮೇಲೆ ಸಜ್ಜಾ ಇದೆಯಾ ನೋಡಿ, ಎದುರುಬದುರು ಕಿಟಕಿ ತೆಗೆದ್ರೆ ಗಾಳಿ ಓಡಾಡುತ್ತಾ ಅಂತ ಎರಡು ನಿಮಿಷ ಸುಮ್ನೆ ನಿಂತ್ಕೊಳ್ಳಿ.

ಆಮೇಲೆ ಬಿಲ್. ಹಳೇ ಮನೆಯಾದ್ರೆ 12 ತಿಂಗಳ ಬೆಸ್ಕಾಂ ಬಿಲ್ ಕೇಳಿ, ಮಾರ್ಚ್‌ನಿಂದ ಮೇ ತನಕದ್ದಂತೂ ಬೇಕೇ ಬೇಕು. ಆಗ ಮನೇಲಿ ಜನ ಇದ್ರಾ ಅಂತನೂ ವಿಚಾರಿಸಿ, ಖಾಲಿ ಮನೆ ಬಿಲ್ ನೋಡಿ ಏನೂ ಪ್ರಯೋಜನ ಇಲ್ಲ.

ಹೊಸ ಅಪಾರ್ಟ್‌ಮೆಂಟ್ ಆದ್ರೆ ಗೋಡೆ ಯಾವುದ್ರದ್ದು ಅಂತ ಕೇಳಿ. ಎಎಸಿ ಬ್ಲಾಕ್ (ಒಳಗೆ ಗಾಳಿ ಗುಳ್ಳೆ ಇರೋ ಹಗುರ ಸಿಮೆಂಟ್ ಬ್ಲಾಕ್) ಬಿಸಿನ ಒಳಗೆ ಬಿಡೋದು ಕಮ್ಮಿ, ಪೂರ್ತಿ ಕಾಂಕ್ರೀಟ್ ಹೊಯ್ದ ಮೈವಾನ್ ಗೋಡೆ ಜಾಸ್ತಿ. ಮನೆಗಳಿಗೆ ಅಂತಾನೇ ಕೇಂದ್ರ ಸರ್ಕಾರ 2018ರಲ್ಲಿ ಇಕೋ ನಿವಾಸ್ ಸಂಹಿತಾ ಅಂತ ಕರೆಂಟ್ ಉಳಿಸೋ ಕಟ್ಟಡ ನಿಯಮ ತಂದಿದೆ, ಗೋಡೆ ಕಿಟಕಿ ಮೂಲಕ ಒಳಗೆ ಬರೋ ಶಾಖ ಒಂದು ಚದರ ಮೀಟರ್‌ಗೆ 15 ವ್ಯಾಟ್ ಮೀರಬಾರದು ಅಂತ ಅದರಲ್ಲಿದೆ, ನಿಮ್ಮ ಬಿಲ್ಡಿಂಗ್ ಲೆಕ್ಕ ಎಷ್ಟು ಬರುತ್ತೆ ಅಂತ ಧೈರ್ಯವಾಗಿ ಕೇಳಿ. ಬ್ರೋಷರ್‌ನಲ್ಲಿ ಗ್ರೀನ್ ಬಿಲ್ಡಿಂಗ್ ಅಂತ ಇದ್ರೆ ಸರ್ಟಿಫಿಕೇಟ್ ತೋರ್ಸಿ ಅನ್ನಿ. ಪ್ರೀ-ಸರ್ಟಿಫೈಡ್ ಅಂತ ಇದ್ರೆ ಅದು ಬರೀ ಪ್ಲಾನ್ ನೋಡಿ ಕೊಟ್ಟಿದ್ದು, ಕಟ್ಟಿದ ಮನೆ ನೋಡಿ ಅಲ್ಲ.

ಬಿಸಿನೀರಿಗೆ ಸೋಲಾರ್ ಇದೆಯಾ, ಇದ್ರೆ ಪೈಪ್ ನಿಮ್ಮ ಫ್ಲೋರ್ ತನಕ ಬಂದಿದೆಯಾ ನೋಡಿ. 2000 ವ್ಯಾಟ್ ಗೀಸರ್ ದಿನಾ ಅರ್ಧ ಗಂಟೆ ಓಡಿದ್ರೆ ತಿಂಗಳಿಗೆ 30 ಯೂನಿಟ್. ಲಿಫ್ಟು, ನೀರಿನ ಪಂಪು, ಜನರೇಟರ್ ಖರ್ಚು ಮೇಂಟೆನೆನ್ಸ್‌ನಲ್ಲಿ ಎಷ್ಟು ಅಂತ ಅಸೋಸಿಯೇಷನ್‌ನವರನ್ನೇ ಕೇಳಿ.

ಫ್ಯಾನ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ, 75 ವ್ಯಾಟ್‌ದು ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ, ಅಂದ್ರೆ ಕಮ್ಮಿ ಕರೆಂಟ್ ತಿನ್ನೋ ಮೋಟಾರಿನ ಫ್ಯಾನ್, ಯಾವಾಗ ಬೇಕಾದ್ರೂ ಹಾಕಬಹುದು. ಗೋಡೆನ ತಿರುಗಿಸೋಕಾಗಲ್ಲ, ಅದನ್ನೇ ಹಿಡಿದು ರೇಟ್ ಮಾತಾಡಿ. ಅಕ್ಕ ಕೊನೆಗೆ ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಕಟ್ಟಿಸಿದ್ಲು, ಈಗ ರಾತ್ರಿ ಎಸಿ ಒಂದು ಗಂಟೆ ಹಾಕಿದ್ರೆ ಸಾಕು. ಆ ದುಡ್ಡನ್ನ ಅಡ್ವಾನ್ಸ್ ಕೊಡೋ ಮುಂಚೆನೇ ರೇಟಲ್ಲಿ ಕಳೆದು ಕೇಳಬಹುದಿತ್ತು ಅಂತ ಭಾವ ಈಗಲೂ ಅಂತಿರ್ತಾರೆ.