ಅಣ್ಣ ಯಾಕೆ ಬರಲಿಲ್ಲ?

ಎರಡು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ಅಣ್ಣ ಬರಲಿಲ್ಲ. ಫೋನೂ ಇಲ್ಲ. ಅತ್ತಿಗೆ ಒಬ್ಬರೇ ಬಂದು, ಊಟ ಮಾಡಿ, ತಾಂಬೂಲ ತಗೊಂಡು ಹೊರಟರು. 'ಹೊಟ್ಟೆಕಿಚ್ಚು, ಬೇಕಂತಲೇ ಬರಲಿಲ್ಲ' ಅಂತ ಅವತ್ತೇ ತೀರ್ಮಾನ ಮಾಡಿದೆ. ಆಮೇಲೆ ಮೂರು ತಿಂಗಳು ರಾತ್ರಿ ಎರಡಕ್ಕೆ ಎಚ್ಚರ.

ಆ ದಿನಗಳಲ್ಲೇ ಸೆಕ್ಸ್ಟಸ್ ಎಂಪಿರಿಕಸ್‌ನನ್ನು ಓದಲು ಶುರು ಮಾಡಿದೆ. ಅವನು ಹಳೇ ಕಾಲದ ವೈದ್ಯ, ತತ್ವಜ್ಞಾನಿ, ಗ್ರೀಕಿನಲ್ಲಿ ಬರೆದವನು. ಅವನು ಹೇಳೋದು ತನಗಿಂತ ನಾಲ್ಕೈದು ಶತಮಾನ ಹಿಂದಿನ ಪಿರ್ರೋನ ಸಂದೇಹವಾದದ ದಾರಿಯನ್ನು. ಪಿರ್ರೋ ಗ್ರೀಸಿನ ಎಲಿಸ್ ಊರಿನವನು. ಅಲೆಕ್ಸಾಂಡರನ ದಂಡಿನ ಜೊತೆ ಇಂಡಿಯಾಕ್ಕೂ ಬಂದು ಇಲ್ಲಿನ ಬೆತ್ತಲೆ ಸಾಧುಗಳನ್ನು ಕಂಡಿದ್ದ ಅಂತ, ತತ್ವಜ್ಞಾನಿಗಳ ಜೀವನಕಥೆ ಬರೆದ ಡಯೋಜಿನೀಸ್ ಲೇರ್ಷಿಯಸ್ ಹೇಳಿದ್ದಾನೆ.

ಇವರ ಮದ್ದು ಇಷ್ಟೇ. ಒಂದು ಮಾತಿಗೆ ಅಷ್ಟೇ ತೂಕದ ಎದುರು ಮಾತು ಇಡು. ತಕ್ಕಡಿ ಸಮ ಆದಾಗ ತೀರ್ಪು ಕೊಡದೆ ನಿಲ್ಲು. ಆ ನಿಲ್ಲೋದಕ್ಕೆ ಎಪೊಖೆ ಅಂತ ಹೆಸರು. ಅದರ ಹಿಂದೆಯೇ ಅಟರಾಕ್ಸಿಯಾ, ಅಂದರೆ ಕದಡದ ಮನಸ್ಸು, ದೇಹದ ಹಿಂದೆ ನೆರಳಿನ ಹಾಗೆ ಬರುತ್ತದಂತೆ.

ಮೊದಲು ನಾನು ಮಾಡಿದ್ದು ಬರೀ ತರಲೆ. ಯಾರು ಏನೇ ಅಂದರೂ 'ಅದು ಹೇಗೆ ಗೊತ್ತು?' ಸಾರಿಗೆ ಉಪ್ಪು ಜಾಸ್ತಿ ಆಯ್ತಾ ಅಂತ ಹೆಂಡತಿ ಕೇಳಿದರೆ ಅದಕ್ಕೂ ವಾದ. ಆದರೆ ಜೇನು ಸಿಹಿ ಅನಿಸುತ್ತದೆ ಅನ್ನೋದನ್ನು ಸೆಕ್ಸ್ಟಸ್ ಒಪ್ಪುತ್ತಾನೆ. ನಾಲಿಗೆಗೆ ಅನಿಸಿದ್ದರಲ್ಲಿ ತಕರಾರಿಲ್ಲ, ಅದರ ನಿಜ ಸ್ವಭಾವವೇ ಹೀಗೆ ಅಂತ ಸಾಧಿಸೋದರಲ್ಲಿ ಮಾತ್ರ. ಉಪ್ಪು ಜಾಸ್ತಿಯೇ ಆಗಿತ್ತು, ಒಪ್ಪಿಕೊಂಡೆ.

ಆಮೇಲೆ ಹಳೇ ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದೆ. ಎಡಕ್ಕೆ ನನ್ನ ದೂರು, ತುಂಬಿ ತುಳುಕಿತು. ಬಲಕ್ಕೆ 'ಬಸ್ ಸಿಗಲಿಲ್ಲವೇನೋ'. ಕಳ್ಳ ತಕ್ಕಡಿ ಅಲ್ವಾ? ಮಾರನೇ ದಿನ ಅಣ್ಣನ ವಕೀಲನ ಹಾಗೆ ಕೂತು ಬರೆದೆ. ಅವನನ್ನು ಕೇಳದೆ ಮುಹೂರ್ತ ಇಟ್ಟೆ. ಮನೆಗೆ ಹೋಗಿ ಕರೆಯಲಿಲ್ಲ, ಪತ್ರಿಕೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಅಪ್ಪನ ಫೋಟೋ ಅವನ ಮನೆಯಲ್ಲಿದೆ, ಅದನ್ನು ತಾ ಅಂತಲೂ ಹೇಳಲಿಲ್ಲ.

ಆದರೂ ನಿದ್ದೆ ಬರಲಿಲ್ಲ. ಈಗ ತಪ್ಪೆಲ್ಲ ನನ್ನದೇ ಅನ್ನೋ ಕೊರಗು. ಬಲಗಡೆ ಗೆದ್ದರೂ ಅದು ತೀರ್ಪೇ ಅಂತ ತಿಳಿಯಲು ವಾರ ಹಿಡಿಯಿತು. ಇದು ಒಳ್ಳೇದನ್ನೇ ಯೋಚಿಸು ಅನ್ನೋ ಉಪದೇಶ ಅಲ್ಲ. ಎರಡೂ ಕಡೆ ಓದಿದಾಗ 'ಹೀಗೂ ಇರಬಹುದು, ಹಾಗೂ ಇರಬಹುದು' ಅಂತ ಪ್ರಾಮಾಣಿಕವಾಗಿ ಕೈ ಚೆಲ್ಲಬೇಕು.

ಸೆಕ್ಸ್ಟಸ್ ಚಿತ್ರಕಾರ ಅಪೆಲ್ಲೀಸನ ಕಥೆ ಹೇಳುತ್ತಾನೆ. ಕುದುರೆ ಬಾಯಿಯ ನೊರೆ ಬಿಡಿಸಲು ಆಗದೆ, ಬೇಸತ್ತು ಬಣ್ಣ ಒರೆಸುವ ಸ್ಪಂಜನ್ನು ಚಿತ್ರಕ್ಕೆ ಎಸೆದನಂತೆ. ನೊರೆ ಮೂಡಿತು. ನನಗೂ ಹಾಗೇ. ನಿದ್ದೆಗಾಗಿ ಬರೆದ ದಿನ ಯಾವತ್ತೂ ನಿದ್ದೆ ಬರಲಿಲ್ಲ. ಒಂದು ರಾತ್ರಿ ಪುಸ್ತಕ ಮುಚ್ಚಿ ಸುಮ್ನೆ ಮಲಗಿದೆ. ಹಾಲಿನವನು ಬೆಲ್ ಒತ್ತಿದಾಗಲೇ ಎಚ್ಚರ.

ನೋವು ಹೋಗಿಲ್ಲ. ಚಳಿ, ಬಾಯಾರಿಕೆ ತನ್ನ ದಾರಿಯವರಿಗೂ ಆಗುತ್ತದೆ ಅಂತ ಸೆಕ್ಸ್ಟಸ್ಸೇ ಒಪ್ಪುತ್ತಾನೆ. ಅದರ ಮೇಲೆ 'ಇದು ಕೆಟ್ಟದ್ದೇ' ಅಂತ ಹೇರುವ ಹೊರೆ ಮಾತ್ರ ಇಳಿಯುತ್ತದೆ.

ಕಳೆದ ತಿಂಗಳು ಅಣ್ಣ ಬಂದಿದ್ದ. ಕಾಫಿ ಕುಡಿದು, ಮನೆಯೆಲ್ಲ ಸುತ್ತಿ, ಅಡುಗೆಮನೆ ನಲ್ಲಿ ಸೋರುತ್ತಿದೆ, ವಾಷರ್ ಹಾಕಿಸು ಅಂದ. ಅವತ್ತು ಯಾಕೆ ಬರಲಿಲ್ಲ ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ವಾಷರ್ ಹಾಕಿಸಿದೆ.