ಶಾಲೆ ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್: ಲೆಕ್ಕ ಹಾಕಿ, ಗೆರೆ ಎಳೆಯಿರಿ

ವೃತ್ತದ ಲೆಕ್ಕವನ್ನು ಬೋರ್ಡಿಗಿಂತ ಮೈದಾನದಲ್ಲಿ ಕಲಿಸಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ಕ್ರೀಡಾಕೂಟ ಬಂದಾಗ ಪಿ.ಟಿ. ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಹಾಕುವ ಟ್ರ್ಯಾಕನ್ನೇ ತೆಗೆದುಕೊಳ್ಳಿ. ನಡುವೆ ಒಂದು ಆಯತ, ಎರಡು ತುದಿಗೂ ಒಂದೊಂದು ಅರ್ಧವೃತ್ತ. ಎರಡು ಅರ್ಧ ಸೇರಿದರೆ ಪೂರ್ತಿ ವೃತ್ತ, ಅಲ್ವಾ? ಹೀಗೆ ಗೊತ್ತಿರುವ ಆಕಾರಗಳಾಗಿ ಒಡೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸುತ್ತಳತೆ. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ. ಆಯತದ ನಾಲ್ಕೂ ಬದಿ ಕೂಡಿಸಿಬಿಡುತ್ತಾರೆ. ಆದರೆ ಆಯತ ಮತ್ತು ಅರ್ಧವೃತ್ತ ಸೇರುವ ಎರಡು ಗೆರೆಗಳ ಮೇಲೆ ಯಾರೂ ಓಡುವುದಿಲ್ಲ. ಓಟಗಾರನ ಕಾಲು ಎಲ್ಲೆಲ್ಲಿ ಬೀಳುತ್ತದೋ ಅದಷ್ಟೇ ಲೆಕ್ಕಕ್ಕೆ: ಎರಡು ನೇರ ದಾರಿ, ಎರಡು ತಿರುವು.

ನೇರ ದಾರಿ 40 ಮೀಟರ್ ಇಟ್ಟುಕೊಳ್ಳೋಣ. ಎರಡು ಸೇರಿ 80. ಉಳಿದ 120 ಮೀಟರ್ ತಿರುವಿನಲ್ಲಿ ಸಿಗಬೇಕು. ವೃತ್ತದ ಸುತ್ತಳತೆ 2 × ಪೈ × ತ್ರಿಜ್ಯ. ಹಾಗಾಗಿ 120 ÷ 6.2832 = 19.10 ಮೀಟರ್ ತ್ರಿಜ್ಯ. ಪೈಗೆ 22/7 ಹಾಕಿದರೆ 19.09 ಬರುತ್ತದೆ, ಒಂದು ಸೆಂಟಿಮೀಟರ್ ವ್ಯತ್ಯಾಸ. 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ಸೂಕ್ಷ್ಮ ಲೆಕ್ಕಕ್ಕೆ 3927/1250, ದಿನಬಳಕೆಗೆ 22/7 ಎಂದು ಹೇಳಿಟ್ಟಿದ್ದಾರೆ. 3927/1250 ಅಂದರೆ ನಾವು ಬಳಸಿದ 3.1416.

ಈ 19.10ಕ್ಕೇ ಗೆರೆ ಎಳೆಯಬೇಡಿ. ಯಾರೂ ಗೆರೆಯ ಮೇಲೇ ಓಡುವುದಿಲ್ಲ. ಸುಣ್ಣದ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಓಡುತ್ತಾರೆ ಎಂದು ಅಳೆಯುವುದು ನಿಯಮ. ಆದ್ದರಿಂದ ಗೆರೆಯ ತ್ರಿಜ್ಯ 18.90 ಮೀಟರ್.

ಗುರುತು ಹಾಕುವುದು. ಮೈದಾನದ ನಡುವೆ 40 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಪ್ರತಿ ಗೂಟದಲ್ಲೂ 3, 4, 5 ಮೀಟರಿನ ತ್ರಿಕೋನದಿಂದ ಲಂಬಕೋನ ಹಿಡಿದು ಎರಡೂ ಕಡೆ 18.90 ಮೀಟರ್ ಅಳೆಯಿರಿ. ಈ ನಾಲ್ಕು ಮೂಲೆಗಳೇ ಆಯತ. ಅದರ ಕರ್ಣಗಳನ್ನು ಅಳೆದು ನೋಡಿ, ಎರಡೂ 55.03 ಮೀಟರ್ ಇರಬೇಕು. ಇಲ್ಲದಿದ್ದರೆ ಆಯತ ಓರೆಯಾಗಿದೆ, ಮುಂದೆ ಹೋಗಬೇಡಿ. ಆಮೇಲೆ ಗೂಟಕ್ಕೆ ತಂತಿ ಕಟ್ಟಿ, ಬಿಗಿಯಾಗಿ ಹಿಡಿದು ಅರ್ಧವೃತ್ತ ಸುತ್ತಿ. ನಾರಿನ ಹಗ್ಗ ಬೇಡ, ಎಳೆದಂತೆಲ್ಲ ಹಿಗ್ಗುತ್ತದೆ.

ಸ್ಟ್ಯಾಗರ್, ಅಂದರೆ ಹೊರಗಿನ ಲೇನಿನವರನ್ನು ಓಟದ ಆರಂಭದಲ್ಲಿ ಮುಂದೆ ನಿಲ್ಲಿಸುವ ಅಂತರ. ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದು ಲೇನಿನ ಅಗಲ 1.22 ಮೀಟರ್. ಎರಡನೇ ಲೇನಿನವರ ತಿರುವಿನ ತ್ರಿಜ್ಯ ಅಷ್ಟು ಜಾಸ್ತಿ. ಹಾಗಾದರೆ ಒಂದು ಸುತ್ತಿಗೆ ಅವರು ಎಷ್ಟು ಹೆಚ್ಚು ಓಡಬೇಕು? 2 × 3.1416 × 1.22 = 7.67 ಮೀಟರ್. ಅಷ್ಟು ಮುಂದೆ ಅವರನ್ನು ನಿಲ್ಲಿಸಬೇಕು. ಮೂರನೇ ಲೇನಿಗೆ 15.33, ನಾಲ್ಕನೇ ಲೇನಿಗೆ 23 ಮೀಟರ್. ಈ ಲೆಕ್ಕದಲ್ಲಿ ಟ್ರ್ಯಾಕಿನ ತ್ರಿಜ್ಯ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಕಳೆಯುವಾಗ ಅದು ಬಿದ್ದುಹೋಗುತ್ತದೆ. ಟ್ರ್ಯಾಕ್ ಚಿಕ್ಕದಿರಲಿ, ದೊಡ್ಡದಿರಲಿ, ಪೂರ್ತಿ ಒಂದು ಸುತ್ತಿಗೆ ಲೇನಿನಿಂದ ಲೇನಿಗೆ ಅದೇ 7.67.

400 ಮೀಟರಿನ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮಾತ್ರ ಎರಡನೇ ಲೇನಿಗೆ 7.04 ಎಂದಿರುತ್ತದೆ. ಅಲ್ಲಿ ಒಳಗಿನ ಅಂಚಿಗೆ ಎತ್ತರದ ಕಟ್ಟೆ ಇರುವುದರಿಂದ ಮೊದಲ ಲೇನನ್ನು 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಉಳಿದ ಲೇನುಗಳಿಗೆ ಗೆರೆಯಿಂದ 20 ಸೆಂಟಿಮೀಟರೇ. ಈ 10 ಸೆಂಟಿಮೀಟರ್ ವ್ಯತ್ಯಾಸವನ್ನು 1.22ರಲ್ಲಿ ಕಳೆದರೆ 2 × 3.1416 × 1.12, ಅಂದರೆ 7.04.

ವಿಸ್ತೀರ್ಣ. ಇದು ಸುಲಭ, ತುಂಡುಗಳನ್ನು ಸುಮ್ನೆ ಕೂಡಿಸುವುದು. ಗೆರೆಯ ಒಳಗಿನ ಆಯತ 40 × 37.80 = 1512 ಚದರ ಮೀಟರ್. ವೃತ್ತ 3.1416 × 18.90 × 18.90 = 1122. ಒಟ್ಟು 2634, ಹತ್ತಿರ ಹತ್ತಿರ 26 ಗುಂಟೆ.

ನಾಲ್ಕು ಲೇನಿನ ದಾರಿ ಎಷ್ಟು ಜಾಗ ಹಿಡಿಯುತ್ತದೆ ಎಂದು ತಿಳಿಯಲು ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಹೊರಗಿನ ತ್ರಿಜ್ಯ 18.90 + 4.88 = 23.78. ಇದೇ ರೀತಿ ಮಾಡಿದರೆ 3679 ಬರುತ್ತದೆ. ಅದರಲ್ಲಿ 2634 ಹೋದರೆ 1045 ಚದರ ಮೀಟರ್. ರೋಲರ್ ಹೊಡೆಸುವವರಿಗೂ ಕೆಮ್ಮಣ್ಣು ತರಿಸುವವರಿಗೂ ಬೇಕಾದ ಲೆಕ್ಕ ಇದು. ಮೈದಾನ ಮಾತ್ರ ಕನಿಷ್ಠ 88 ಮೀಟರ್ ಉದ್ದ, 48 ಮೀಟರ್ ಅಗಲ ಇರಬೇಕು. ಅಂದರೆ ಒಂದೆಕರೆಗಿಂತ ಸ್ವಲ್ಪ ಜಾಸ್ತಿ.